ಮನೆ ಸದ್ದು

ಹಲ್ಲಕ್ಕ ಅಂದ ಕೂಡಲೇ ಅವಳ ಹಲ್ಲು ಉಬ್ಬಿದೆ ಅಂದುಕೊಳ್ಳಬೇಡಿ. ಐವತ್ತು ದಾಟಿದರೂ ಅವಳ ಹಲ್ಲು ಒಂದೂ ಅಲ್ಲಾಡಿಲ್ಲ. ಹಲ್ಲಿನ ಸೆಟ್ ಮಾಡುವುದು ಅವಳ ಕಸುಬು, ಅದಕ್ಕೇ ಬೀದಿಯವರು ಇಟ್ಟ ಹೆಸರು ಅದು. ಡಾಕ್ಟರು ರೋಗಿಯ ಬಾಯಿಯ ಅಳತೆಯನ್ನು ಮೆತ್ತನೆಯ ಮುದ್ದೆಯಲ್ಲಿ ಒತ್ತಿ ತೆಗೆದು ಕಳಿಸುತ್ತಾರೆ. ಇವಳು ಅದರಲ್ಲಿ ಪ್ಲಾಸ್ಟರ್ ಹುಯ್ದು ದವಡೆಯ ಅಚ್ಚು ತೆಗೆದು, ಮೇಣದಲ್ಲಿ ವಸಡು ಕಟ್ಟಿ, ಒಂದೊಂದೇ ಹಲ್ಲು ನಿಲ್ಲಿಸುತ್ತಾಳೆ. ಮೆಟ್ಟಿಲ ಕೆಳಗೆ ಒಂದೇ ಒಂದು ಕೋಣೆ. ಗೋಡೆಯ ಉದ್ದಕ್ಕೂ ಹಲಗೆ, ಹಲಗೆ ತುಂಬ ಊರವರ ದವಡೆಗಳು. ‘ಇವರೆಲ್ಲ ಒಟ್ಟಿಗೆ ನಕ್ಕುಬಿಟ್ಟರೆ ನಿನ್ನ ಗತಿ ಏನೇ’ ಅಂತ ಅವಳ ಗಂಡ, ಬಸ್ ಡಿಪೋದ ಟೈಮ್‌ಕೀಪರ್, ಬಂದಾಗಲೆಲ್ಲ ಅದೇ ಜೋಕು ಹೇಳುತ್ತಾನೆ. ಮದುವೆಯಾದಾಗಿಂದ ಅವಳು ಅದಕ್ಕೆ ನಕ್ಕಿಲ್ಲ, ಅವನೂ ಬಿಟ್ಟಿಲ್ಲ.

ಇಂಥ ಗಟ್ಟಿಗಿತ್ತಿಗೂ ಒಂದು ಹುಚ್ಚು ಇತ್ತು. ಅವಳು ಸ್ಕೂಲು ಹುಡುಗಿಯಾಗಿದ್ದಾಗ ಟಿವಿಯಲ್ಲಿ ‘ಆಚೆ ದಡ’ ಅಂತ ಒಂದು ಧಾರಾವಾಹಿ ಬರುತ್ತಿತ್ತು. ಒಂದು ಗಗನನೌಕೆ, ಅದರೊಳಗೆ ನಾಲ್ಕು ಜನ, ಗ್ರಹದಿಂದ ಗ್ರಹಕ್ಕೆ ಅಲೆದಾಟ. ಈಗ ನೋಡಿದರೆ ನಗು ಬರುತ್ತೆ ಬಿಡಿ. ಯಾವ ಗ್ರಹಕ್ಕೆ ಹೋದರೂ ಅದೇ ಕಲ್ಲುಕ್ವಾರಿ. ಯಾರಾದರೂ ಬಾಗಿಲು ಜೋರಾಗಿ ಹಾಕಿದರೆ ನೌಕೆಯ ಗೋಡೆ ನಡುಗುತ್ತಿತ್ತು. ಆದರೆ ಹಲ್ಲಕ್ಕನಿಗೆ ಆಗ ಅದೇ ಲೋಕ, ಅದೇ ಆಕಾಶ. ವಾರವಿಡೀ ಆ ಸಂಜೆಗಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವಳು.

ಒಂದು ಸಲ ತೋರಿಸಿದರೆ ಮುಗಿಯಿತು, ಮತ್ತೆ ನೋಡುವ ದಾರಿ ಇಲ್ಲದ ಕಾಲ ಅದು. ಅದಕ್ಕೆ ಅವಳೊಂದು ಉಪಾಯ ಮಾಡಿದಳು. ಅಪ್ಪನ ಟೇಪ್ ರೆಕಾರ್ಡರನ್ನು ಸ್ಟೂಲಿನ ಮೇಲಿಟ್ಟು, ಟಿವಿಯ ಸ್ಪೀಕರ್‌ಗೆ ಮೂತಿ ತಾಗುವ ಹಾಗೆ ಜರುಗಿಸಿ, ಧಾರಾವಾಹಿಯ ಸದ್ದನ್ನೆಲ್ಲ ಕ್ಯಾಸೆಟ್ಟಿಗೆ ಹಿಡಿಯುವುದು. ಚಿತ್ರ ಇಲ್ಲದಿದ್ದರೆ ಹೋಗಲಿ, ಕಣ್ಣು ಮುಚ್ಚಿ ಕೇಳಿದರೆ ಎಲ್ಲ ಕಾಣುತ್ತಲ್ಲ. ಆ ಹೊತ್ತಿನಲ್ಲಿ ಮನೆಯಲ್ಲಿ ಅವಳದೇ ದರ್ಬಾರು. ಯಾರೂ ಮಾತಾಡಕೂಡದು. ಅಪ್ಪ ಕೆಮ್ಮುವುದಿದ್ದರೆ ಮೊದಲೇ ಹೊರಗೆ ಹೋಗಿ ಕೆಮ್ಮಿ ಬರಬೇಕು. ಅಪ್ಪ ಪಾಪ, ಹೋಗಿ ಕೆಮ್ಮಿ ಬರುತ್ತಿದ್ದ.

ಅಮ್ಮನ ಹತ್ತಿರ ಮಾತ್ರ ಆ ಆಟ ನಡೆಯಲಿಲ್ಲ. ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಮಿಷನ್ನು ನಿಲ್ಲಿಸು ಅಂದರೆ, ನಾಳೆ ಬಟ್ಟೆ ಕೇಳೋಕೆ ಬರುವ ಗಿರಾಕಿಗೆ ನಿನ್ನ ಗಗನನೌಕೆಯ ಕಥೆ ಹೇಳಿ ಕಳಿಸಲಾ ಅಂತ ಕೇಳಿದಳು. ಕೊನೆಗೆ ಒಂದು ರಾಜಿ ಆಯಿತು. ಮಿಷನ್ನು ಒಳಕೋಣೆಗೆ ಹೋಯಿತು, ನಡುವೆ ಒಂದು ಪರದೆ ಬಂತು. ಆ ಕಡೆಯಿಂದ ಟಕಟಕ, ಈ ಕಡೆಯಿಂದ ಅಂತರಿಕ್ಷ.

ಅಮ್ಮನಿಗೆ ಆ ಧಾರಾವಾಹಿ ಅಂದರೆ ತಾತ್ಸಾರ ಅಂತಲೇ ಹಲ್ಲಕ್ಕ ತಿಳಿದಿದ್ದಳು. ತಿಳಿಯದೆ ಏನು ಮಾಡುತ್ತಾಳೆ? ಅದರಲ್ಲಿ ಬರುವ ಯಂತ್ರಮಾನವ ನಮ್ಮನೆ ಬಕೆಟ್ಟಿಗೆ ಅಣ್ಣ ಆಗಬೇಕು ಅಂತ ಅಮ್ಮ ಅನ್ನುತ್ತಿದ್ದಳು. ನೌಕೆಯ ಬಾಗಿಲಿಗೆ ಹಾಕಿರುವುದು ನಮ್ಮ ಫ್ರಿಜ್ಜಿನ ಹಿಡಿಯೇ, ಬೇಕಾದರೆ ಅಳತೆ ಹಿಡಿದು ನೋಡು ಅಂತ ಪಂಥ ಕಟ್ಟುತ್ತಿದ್ದಳು. ಮಗಳು ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡು ಓಡಾಡಿದರೆ ಅಮ್ಮನಿಗೆ ಇನ್ನೂ ಮಜಾ. ಅಷ್ಟೆಲ್ಲ ಆಡಿಕೊಳ್ಳಬೇಕಾದರೆ ಅಮ್ಮ ಅದನ್ನು ಎಷ್ಟು ಗಮನವಿಟ್ಟು ನೋಡಿರಬೇಕು ಅನ್ನುವುದು ಮಗಳ ತಲೆಗೆ ಹೊಳೆಯಲೇ ಇಲ್ಲ. ಮಕ್ಕಳ ಬುದ್ಧಿ ಅಷ್ಟೇ.

‘ಆಚೆ ದಡ’ದ ಕಥೆಗಳಲ್ಲೆಲ್ಲ ಹೆಸರಾದದ್ದು ‘ಬಾಗಿಲು’. ನಾಲ್ಕು ಕಂತಿನ ಕಥೆ. ನೌಕೆ ಒಂದು ಬರಡು ಗ್ರಹದಲ್ಲಿ ಸಿಕ್ಕಿಕೊಳ್ಳುತ್ತೆ. ಹಾರಬೇಕಾದರೆ ಅದರ ದೊಡ್ಡ ಬಾಗಿಲನ್ನು ಯಾರಾದರೂ ಹೊರಗಿನಿಂದ ಹಾಕಬೇಕು; ಹಾಕಿದವರು ಅಲ್ಲೇ ಉಳಿಯಬೇಕು. ನೌಕೆ ನಡೆಸುವ ಪೈಲಟ್ ಹುಡುಗಿ, ನಾಲ್ವರಲ್ಲಿ ಎಲ್ಲರಿಗಿಂತ ಚಿಕ್ಕವಳು, ನೌಕೆ ತಾನಾಗಿಯೇ ಹಾರುವ ಹಾಗೆ ಮಾಡಿಟ್ಟು, ಯಾರಿಗೂ ಹೇಳದೆ ಎದ್ದು ಹೋಗಿ ಬಾಗಿಲ ಹಿಡಿಗೆ ಕೈ ಹಾಕುತ್ತಾಳೆ. ಕೊನೆಯ ಕಂತಿನ ಆ ಗಳಿಗೆ ಬಂದಾಗ ದೇಶದ ಮಕ್ಕಳೆಲ್ಲ ಉಸಿರು ಬಿಗಿಹಿಡಿದು ಕೂತಿದ್ದರು. ಸಂಗೀತವೂ ನಿಂತಿತ್ತು. ಹಲ್ಲಕ್ಕನ ಮನೆಯಲ್ಲಿ, ಆ ನಿಶ್ಶಬ್ದದ ನಟ್ಟನಡುವೆ, ಪರದೆಯ ಹತ್ತಿರದಿಂದ ಅಮ್ಮನ ಗಂಟಲು ಕೇಳಿಬಂತು.

“ತೆಗೀಬೇಡ ಕಣೇ! ಬಾಗಿಲು ತೆಗೀಬೇಡ!”

ಟಿವಿಯೊಳಗಿನ ಹುಡುಗಿಗೆ! ಸ್ವಂತ ಮಗಳಿಗೆ ಬಯ್ಯುವ ಹಾಗೆ! ಹಲ್ಲಕ್ಕ ‘ಶ್, ಅಮ್ಮಾ, ರೆಕಾರ್ಡಾಗ್ತಿದೆ!’ ಅಂತ ತಾನೂ ಕಿರುಚಿದಳು, ಅದೂ ಟೇಪಿಗೆ ಹತ್ತಿತು. ಆಮೇಲೆ ಮನೆಯಲ್ಲಿ ಅದೊಂದು ದೊಡ್ಡ ತಮಾಷೆಯಾಗಿ ಉಳಿಯಿತು. ಯಾರಾದರೂ ಕದ ತಟ್ಟಿದರೆ ಅಪ್ಪ ‘ತೆಗೀಬೇಡ ಕಣೇ’ ಅನ್ನುತ್ತಿದ್ದ. ಅಮ್ಮ ಮಾತ್ರ, ಮಿಷನ್ನಿಗೆ ಕೈ ಸಿಕ್ಕಿಕೊಂಡಿತ್ತು, ಏನೋ ಕೂಗಿದೆ ಅಂತ ಸಾಧಿಸುತ್ತಿದ್ದಳು.

ಮುಂದೆ ಟಿವಿಯವರು ತಮ್ಮ ಹಳೆಯ ಟೇಪುಗಳನ್ನೆಲ್ಲ ಅಳಿಸಿ, ಅವುಗಳ ಮೇಲೆ ಬೇರೇನೋ ತುಂಬಿಕೊಂಡರು. ‘ಬಾಗಿಲು’ ಕಥೆಯೂ ಹೋಯಿತು. ಉಳಿದದ್ದು ಇವಳಂಥ ಹುಚ್ಚರು ಕ್ಯಾಸೆಟ್ಟಿಗೆ ಹಿಡಿದುಕೊಂಡ ಸದ್ದು ಮಾತ್ರ. ದೊಡ್ಡವರಾದ ಮೇಲೆ ಆ ಹುಚ್ಚರೆಲ್ಲ ಒಬ್ಬರನ್ನೊಬ್ಬರು ಹುಡುಕಿಕೊಂಡು ಒಂದು ಬಳಗ ಕಟ್ಟಿದರು. ವರ್ಷಕ್ಕೊಮ್ಮೆ ಸೇರುತ್ತಾರೆ, ಅಂಗಡಿಯವನು, ನರ್ಸಮ್ಮ, ಬ್ಯಾಂಕಿನವನು, ಎಲ್ಲರೂ ನೌಕೆಯ ಗೋಡೆ ಯಾವ ಬಣ್ಣದ್ದು ಅಂತ ಜಗಳ ಆಡುತ್ತಾರೆ. ಅವರಲ್ಲೊಂದು ಪದ್ಧತಿ ಇದೆ. ಕ್ಯಾಸೆಟ್ಟು ಕೇಳಿಸುವ ಮುಂಚೆ ಅದರಲ್ಲಿರುವ ಕೆಮ್ಮು, ಪಾತ್ರೆ ಸದ್ದು, ಮಗುವಿನ ಅಳು ಎಲ್ಲಕ್ಕೂ ಕ್ಷಮೆ ಕೇಳಬೇಕು. ಅದಕ್ಕೆ ಅವರ ಬಾಯಲ್ಲಿ ‘ಮನೆ ಸದ್ದು’ ಅಂತ ಹೆಸರು. ‘ನಂದರಲ್ಲಿ ಮನೆ ಸದ್ದು ಸ್ವಲ್ಪ ಜಾಸ್ತಿ, ತಪ್ಪು ತಿಳ್ಕೋಬೇಡಿ’ ಅಂತ ತಲೆ ತಗ್ಗಿಸಿ ಹೇಳುವುದು. ಹಲ್ಲಕ್ಕನೂ ಎಷ್ಟೋ ಸಲ ಹಾಗೆ ಹೇಳಿದ್ದಾಳೆ. ಸದ್ದು ಯಾರದು ಅಂತ ಯಾರೂ ಕೇಳುವುದಿಲ್ಲ, ಹೇಳುವುದೂ ಇಲ್ಲ. ಮನೆಯ ಕಸ ತೋರಿಸಿಕೊಂಡ ಹಾಗಾಗುತ್ತಲ್ಲ.

ಈಗ ಹಲ್ಲಿನ ವಿಷಯ ಹೇಳಬೇಕು. ಅಮ್ಮನಿಗೆ ವಯಸ್ಸಾಗಿ ಮುಂದಿನ ಹಲ್ಲೆಲ್ಲ ಬಿದ್ದವು. ಊರಿಗೆಲ್ಲ ಹಲ್ಲು ಕಟ್ಟುವ ಮಗಳು ಅಮ್ಮನಿಗೆ ಬಿಡುತ್ತಾಳಾ? ತಾನೇ ಕೂತು, ಬಣ್ಣ ಹೊಂದಿಸಿ, ಚಿಕ್ಕಂದಿನ ಫೋಟೋ ನೋಡಿ ಮುಂದಿನ ಎರಡು ಹಲ್ಲಿನ ನಡುವಿನ ಸಂದನ್ನೂ ಹಾಗೇ ಇಟ್ಟು, ಜೀವ ತೇಯ್ದು ಸೆಟ್ ಮಾಡಿದಳು. ಕನ್ನಡಿಯಲ್ಲಿ ಅಮ್ಮ ಹಳೆಯ ಅಮ್ಮನೇ ಆದಳು. ಆದರೆ ಬಾಯಿ ತೆರೆದರೆ ಮಾತಿನ ಜೊತೆ ಒಂದು ಸಣ್ಣ ಸಿಳ್ಳೆ. ಉಜ್ಜಿದಳು, ತೀಡಿದಳು, ಬಿಚ್ಚಿ ಮತ್ತೆ ಕಟ್ಟಿದಳು, ಸಿಳ್ಳೆ ಹೋಗಲಿಲ್ಲ. ಹೋಗಲಿ ಬಿಡೇ, ಬಸ್ಸಿನವನಿಗೆ ಮಗಳನ್ನು ಕೊಟ್ಟ ಮೇಲೆ ಅತ್ತೆಯ ಬಾಯಲ್ಲಿ ಸೀಟಿ ಇದ್ದರೆ ತಪ್ಪೇನು ಅಂತ ಅಮ್ಮ ನಕ್ಕುಬಿಟ್ಟಳು. ಕೊನೆಯವರೆಗೂ ಆ ಸಿಳ್ಳೆಯಲ್ಲೇ ಮಾತಾಡಿದಳು.

ಅಮ್ಮ ಹೋದ ಮೇಲೆ ಹಲ್ಲಕ್ಕನಿಗೆ ಒಂದು ಸಂಕಟ ಹತ್ತಿಕೊಂಡಿತು. ಅಮ್ಮನ ದನಿ ನೆನೆಸಿಕೊಂಡರೆ ಕಿವಿಗೆ ಬರುವುದು ಆ ಸಿಳ್ಳೆಯ ದನಿ ಮಾತ್ರ, ತಾನೇ ಕಟ್ಟಿಕೊಟ್ಟ ಹಲ್ಲಿನ ದನಿ. ಅದಕ್ಕೆ ಮುಂಚಿನದು, ತನ್ನನ್ನು ಬೆಳಗ್ಗೆ ಎಬ್ಬಿಸಿದ ದನಿ, ಸ್ವಂತ ಹಲ್ಲಿನ ದನಿ, ಎಷ್ಟು ತಡಕಾಡಿದರೂ ಸಿಗುತ್ತಿರಲಿಲ್ಲ. ಮುಖಕ್ಕೆ ಫೋಟೋ ಇದೆ. ಅಂದಿನ ದನಿಗೆ ಏನಿದೆ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಸುಮ್ಮನೆ ಹೇಳಿಲ್ಲ. ಇಡೀ ಜಗತ್ತಿನಲ್ಲಿ ಆ ದನಿ ಉಳಿದಿದ್ದು ಒಂದೇ ಜಾಗದಲ್ಲಿ. ‘ಬಾಗಿಲು’, ಕೊನೆಯ ಕಂತು, ಪೈಲಟ್ ಹುಡುಗಿ ಹಿಡಿಗೆ ಕೈ ಹಾಕುವ ಗಳಿಗೆ.

ಕೇಳೋಣ ಅಂತ ಒಂದು ಸಲ ಕ್ಯಾಸೆಟ್ಟು ಹಾಕಿದಳು. ಹಾಳು ಯಂತ್ರ ಟೇಪನ್ನು ಒಳಗೆಳೆದುಕೊಂಡು ಜಗಿಯಲು ಶುರು ಮಾಡಿತು. ಹೇಗೋ ಬಿಡಿಸಿ, ಪೆನ್ಸಿಲ್ಲಿನಿಂದ ಮೆಲ್ಲಗೆ ಸುತ್ತಿ, ಹಲ್ಲು ಬರುವ ರಟ್ಟಿನ ಡಬ್ಬಿಯಲ್ಲಿ ಹತ್ತಿಯ ನಡುವೆ ಇಟ್ಟಳು. ಆಮೇಲೆ ಮುಟ್ಟಲಿಲ್ಲ. ಕೇಳಿದರೆ ಹೋಗುತ್ತೆ, ಕೇಳದಿದ್ದರೆ ಇರುತ್ತೆ. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಅನ್ನುವ ಗಾದೆ ತನ್ನ ಕಸುಬಿನದು ಅಂದುಕೊಂಡಿದ್ದಳು, ತನ್ನ ಹಣೆಬರಹಕ್ಕೂ ಅದೇ ಬಂದು ಕೂತಿತು.

ಹೀಗಿರುವಾಗ ಬಳಗದ ಮೇಷ್ಟ್ರ ಫೋನು ಬಂತು. ಮೇಷ್ಟ್ರು ಅಂದರೆ ಪಾಠದ ಮೇಷ್ಟ್ರಲ್ಲ. ರೇಡಿಯೋದಲ್ಲಿ ಸದ್ದಿನ ಕೆಲಸ ಮಾಡಿ ನಿವೃತ್ತರಾದವರು, ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಹಾಕಿ ಚೊಕ್ಕ ಮಾಡುವುದರಲ್ಲಿ ಎತ್ತಿದ ಕೈ. ಪರದೇಶದ ಯಾವುದೋ ಗೋದಾಮಿನಲ್ಲಿ ‘ಬಾಗಿಲು’ ಕಥೆಯ ಚಿತ್ರ ಸಿಕ್ಕಿದೆಯಂತೆ, ನಾಲ್ಕೂ ಕಂತು. ಅಲ್ಲಿಯವರು ತಮ್ಮ ಭಾಷೆ ಸೇರಿಸಿಕೊಳ್ಳಲಿ ಅಂತ ಸದ್ದು ತುಂಬದೆ ಬರೀ ಚಿತ್ರ ಕಳಿಸಿದ್ದ ಪ್ರತಿ. ಮೂರು ಕಂತಿಗೆ ಬಳಗದಲ್ಲಿ ಒಳ್ಳೆಯ ಸದ್ದು ಇದೆ. ಕೊನೆಯದಕ್ಕೆ ಇರುವುದು ಇಬ್ಬರ ಹತ್ತಿರ ಮಾತ್ರ. ಒಂದು ಹಲ್ಲಕ್ಕನದು. ಇನ್ನೊಂದು ನಾಯಿ ಮೇಡಂ ಅವರದು. ಆಕೆ ಪೋಸ್ಟ್ ಆಫೀಸಿನ ಕೌಂಟರಿನವರು, ಅವರ ಟೇಪಿನ ಉದ್ದಕ್ಕೂ ಒಂದು ನಾಯಿ ಬೊಗಳುವುದರಿಂದ ಆ ಹೆಸರು.

ಮೇಷ್ಟ್ರು ಉಪಾಯ ವಿವರಿಸಿದರು. ಎರಡೂ ಟೇಪನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಇಟ್ಟು ಹೊಂದಿಸುವುದು. ಎರಡರಲ್ಲೂ ಇರುವುದು ಕಥೆ. ಒಂದರಲ್ಲಿ ಮಾತ್ರ ಇರುವುದು ಮನೆ. ಮನೆಯನ್ನು ತೆಗೆದುಹಾಕಿದರೆ ಕಥೆ ಅಚ್ಚುಕಟ್ಟಾಗಿ ಉಳಿಯುತ್ತೆ. ಟೇಪು ಶಿಥಿಲವಾಗಿದೆ ಅಂದಳು ಹಲ್ಲಕ್ಕ. ಒಂದೇ ಒಂದು ಸಲ ಓಡಿದರೆ ಸಾಕು, ನಾನು ಓಡಿಸ್ತೀನಿ ಅಂದರು ಮೇಷ್ಟ್ರು.

ಅವಳು ಬಾಯಿ ಬಿಟ್ಟು ಹೇಳಬೇಕಿತ್ತು. ಮೇಷ್ಟ್ರೇ, ಆ ಮನೆ ಸದ್ದು ನಮ್ಮಮ್ಮ, ಅದನ್ನು ಮಾತ್ರ ಬಿಡಿ ಅಂತ. ಹೇಳಲಿಲ್ಲ. ಬಳಗದವರೆಲ್ಲ ಆಯುಷ್ಯವಿಡೀ ಕಾದಿರುವ ಕಥೆ ಅದು. ನನಗೆ ಕಥೆ ಬೇಡ, ಗಲಾಟೆ ಬೇಕು ಅಂತ ಯಾವ ಬಾಯಲ್ಲಿ ಹೇಳುವುದು? ಇಷ್ಟು ದಿನ ಕ್ಷಮೆ ಕೇಳಿ ಕೇಳಿ ಈಗ ಅದನ್ನೇ ಬೇಡುವುದೆಂದರೆ ನಾಲಿಗೆ ಏಳಲಿಲ್ಲ. ಡಬ್ಬಿಯನ್ನು ಎದೆಗವಚಿಕೊಂಡು ಹೋಗಿ ಮೇಷ್ಟ್ರ ಕೈಯಲ್ಲೇ ಕೊಟ್ಟು, ಅಭ್ಯಾಸಬಲದಿಂದ, ಮನೆ ಸದ್ದು ಸ್ವಲ್ಪ ಜಾಸ್ತಿ ಇದೆ, ತಪ್ಪು ತಿಳ್ಕೋಬೇಡಿ ಅಂತಲೂ ಹೇಳಿ ಬಂದಳು. ಬರುವಾಗ ಬಸ್ಸಿನಲ್ಲಿ ಪಕ್ಕದವರು ಹುಷಾರಿಲ್ವಾ ಅಂತ ಕೇಳಿದರು.

ಕೆಲವು ವಾರ ಕಳೆದ ಮೇಲೆ ಮೇಷ್ಟ್ರು ಮತ್ತೆ ಫೋನು ಮಾಡಿದರು, ಸಂಭ್ರಮದಲ್ಲಿ. ಟೇಪು ಒಂದು ಸಲ ಓಡಿತಂತೆ, ಎರಡನೇ ಸಲಕ್ಕೆ ಪುಡಿಪುಡಿಯಾಯಿತಂತೆ. ಆದರೆ ಚಿಂತೆ ಬೇಡ, ಕೆಲಸ ಆಯಿತು, ನಿಮ್ಮ ಮನೆ ಸದ್ದನ್ನು ಒಂದು ಚೂರೂ ಬಿಡದೆ ತೆಗೆದುಬಿಟ್ಟೆ ಅಂದರು. ಹಲ್ಲಕ್ಕ ‘ತುಂಬ ಸಂತೋಷ ಮೇಷ್ಟ್ರೇ’ ಅಂದು ಫೋನು ಇಟ್ಟಳು. ಆ ದಿನ ಅವಳು ಕಟ್ಟಿದ ಸೆಟ್ಟಿನಲ್ಲಿ ಎಡಗಡೆಯ ಕೋರೆಹಲ್ಲು ಬಲಗಡೆ ನಿಂತಿತ್ತು. ಇಷ್ಟು ವರ್ಷದಲ್ಲಿ ಮೊದಲ ಸಲ ಡಾಕ್ಟರು ಅವಳ ಕೆಲಸ ವಾಪಸು ಕಳಿಸಿದರು.

ಗಂಡ ಒಂದೆರಡು ದಿನ ನೋಡಿ ಕೊನೆಗೆ ಕೇಳಿದ. ಎಲ್ಲ ಹೇಳಿದಳು. ಅವನು ಜೋಕು ಹೊಡೆಯಲಿಲ್ಲ. ಒಂದು ಮಾತು ಅವರಿಗೆ ಹೇಳಬಾರದಿತ್ತಾ ಅಂದ ಅಷ್ಟೇ. ಅದೇ ಅವಳಿಗೂ ಗೊತ್ತಿದ್ದದ್ದು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?

ಬಳಗದವರೆಲ್ಲ ಕೂಡಿ ಒಂದು ಡ್ರೈವಿಂಗ್ ಸ್ಕೂಲಿನ ಮಹಡಿಯ ಕೋಣೆಯಲ್ಲಿ ‘ಬಾಗಿಲು’ ನೋಡುವುದೆಂದು ಗೊತ್ತಾಯಿತು. ಗೋಡೆಯ ಮೇಲೆಲ್ಲ ನಿಲ್ಲು, ತಿರುಗು, ಹಾರ್ನ್ ಮಾಡಬೇಡ ಅನ್ನುವ ಪಟಗಳು. ಅದರ ನಡುವೆ ಬಿಳಿ ಬಟ್ಟೆ. ತಲೆ ನೆರೆತವರು, ತಲೆಯಲ್ಲಿ ಕೂದಲೇ ಇಲ್ಲದವರು, ಮೊಣಕಾಲು ನೋವಿನವರು, ಎಲ್ಲ ಮಕ್ಕಳ ಹಾಗೆ ಮುಂದಿನ ಸೀಟಿಗೆ ಕಿತ್ತಾಡಿದರು. ಹಲ್ಲಕ್ಕ ಹಿಂದಿನ ಸಾಲಿನಲ್ಲಿ ಕೂತಳು. ಪಕ್ಕದಲ್ಲಿ ನಾಯಿ ಮೇಡಂ, ದಪ್ಪ ಕನ್ನಡಕ, ಮಡಿಲಲ್ಲಿ ಚೀಲ.

ದೀಪ ಆರಿತು. ನೌಕೆ ಬಂತು. ನಿಜ ಹೇಳಬೇಕೆಂದರೆ ಹಲ್ಲಕ್ಕ ಎಲ್ಲ ಮರೆತಳು. ಅಷ್ಟು ವರ್ಷ ಕಣ್ಣು ಮುಚ್ಚಿ ಕಂಡದ್ದು ಕಣ್ಣೆದುರಿಗೇ ಬಂದು ನಿಂತರೆ ಯಾರು ತಾನೇ ಮರೆಯುವುದಿಲ್ಲ? ಗೋಡೆ ನಡುಗಿತು, ಎಲ್ಲರೂ ನಕ್ಕರು, ಅವಳೂ ನಕ್ಕಳು. ಯಂತ್ರಮಾನವ ಬಂದಾಗ ‘ಬಕೆಟ್ಟಿನಣ್ಣ’ ಅಂತ ಒಳಗೊಳಗೇ ಅಂದುಕೊಂಡಳು. ನೌಕೆಯ ಬಾಗಿಲು ದೊಡ್ಡದಾಗಿ ಕಂಡಾಗ ಅವಳ ನಗು ಹಾಗೇ ನಿಂತಿತು. ಅಮ್ಮನ ಮಾತು ನಿಜ. ಅದು ಫ್ರಿಜ್ಜಿನ ಹಿಡಿಯೇ. ಅವರ ಮನೆಯಲ್ಲಿದ್ದದ್ದೇ, ಅದೇ ಬಾಗು, ಅದೇ ತುದಿ. ನೀನು ಹೇಳಿದ್ದು ಸರಿ ಕಣಮ್ಮ ಅಂತ ಹೋಗಿ ಹೇಳೋಣ ಅಂದರೆ ಯಾರಿಗೆ ಹೇಳುವುದು?

ಕೊನೆಯ ಕಂತು ಬಂತು. ಮೇಷ್ಟ್ರ ಕೈಚಳಕ ದೊಡ್ಡದು, ಸದ್ದು ಗಾಜಿನಷ್ಟು ತಿಳಿಯಾಗಿತ್ತು. ಮಾತು ಮಾತೂ ಕೇಳುತ್ತಿತ್ತು. ಪೈಲಟ್ ಹುಡುಗಿ ಎದ್ದಳು. ಮಲಗಿದ್ದ ಮೂವರನ್ನೂ ಒಮ್ಮೆ ನೋಡಿದಳು. ಬಾಗಿಲ ಹತ್ತಿರ ಬಂದಳು. ಸಂಗೀತ ನಿಂತಿತು. ಹಿಡಿಗೆ ಕೈ ಹಾಕಿದಳು. ಹಲ್ಲಕ್ಕನ ಮೈಯೆಲ್ಲ ಕಿವಿಯಾಯಿತು.

ಏನೂ ಇಲ್ಲ. ಚೊಕ್ಕ ನಿಶ್ಶಬ್ದ.

“ತೆಗೀಬೇಡ ಕಣೇ,” ಅಂದುಬಿಟ್ಟಳು ಹಲ್ಲಕ್ಕ. ಮನಸ್ಸಿನಲ್ಲಲ್ಲ, ಬಾಯಿಬಿಟ್ಟು. ಮುಂದಿನ ಸಾಲಿನಿಂದ ಯಾರೋ ಶ್ ಅಂದರು. ಹುಡುಗಿ ಬಾಗಿಲು ತೆಗೆದಳು, ಹೊರಗೆ ಹೋದಳು. ನೌಕೆ ಹಾರಿತು. ಕ್ವಾರಿಯ ಒಂದು ಕಲ್ಲಿನ ಮೇಲೆ ಅವಳೊಬ್ಬಳೇ ಕೂತು ಆಕಾಶ ನೋಡುತ್ತಿದ್ದಂತೆ ಕೊನೆಯ ಸಂಗೀತ ಎದ್ದಿತು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಲ್ಲಕ್ಕ ಕೂತೇ ಇದ್ದಳು. ಪಕ್ಕದಲ್ಲಿ ಇನ್ನೊಬ್ಬರೂ ಕೂತೇ ಇದ್ದರು.

ನಾಯಿ ಮೇಡಂ ಕನ್ನಡಕ ತೆಗೆದು ಒರೆಸುತ್ತ, ನಿಮ್ಮ ಟೇಪಿನಲ್ಲಿ ಅಮ್ಮ ಇದ್ದರಾ ಅಂತ ಕೇಳಿದರು. ಹಲ್ಲಕ್ಕ ಹೂಂ ಅಂದಳು. ನಂದರಲ್ಲಿ ನಾಯಿ ಇತ್ತು ಅಂದರು ಮೇಡಂ, ಬಳಗಕ್ಕೆಲ್ಲ ಗೊತ್ತಿರುವ ಸಂಗತಿಯನ್ನು ಗುಟ್ಟಿನ ಹಾಗೆ. ಅದು ಹೋದ ಮೇಲೆ ಮನೆಯಲ್ಲಿ ಇನ್ನೊಂದು ನಾಯಿ ತರಲಿಲ್ಲವಂತೆ, ಆಗಾಗ ಆ ಟೇಪು ಹಾಕಿಕೊಂಡು ಕೂರುತ್ತಿದ್ದರಂತೆ, ಕಥೆಗಲ್ಲ. ಹೇಳೋಕೆ ನಾಚಿಕೆಯಾಗಿ ಟೇಪು ಕೊಟ್ಟುಬಿಟ್ಟೆ ಅಂದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ನಗಬೇಕೋ ಅಳಬೇಕೋ ತಿಳಿಯದೆ, ಎರಡನ್ನೂ ಮಾಡಿದರು.

ಮೇಷ್ಟ್ರು ಗಾಬರಿಯಾಗಿ ಓಡಿ ಬಂದರು. ಸದ್ದಿನಲ್ಲಿ ಏನಾದರೂ ದೋಷ ಉಳಿದಿದೆಯಾ ಅಂತ ಅವರ ಭಯ. ಹಲ್ಲಕ್ಕನಿಗೆ ಇನ್ನು ಮುಚ್ಚಿಡಲು ಏನಿತ್ತು? ದೋಷ ಇಲ್ಲ ಮೇಷ್ಟ್ರೇ, ಅದೇ ದೋಷ ಅಂದಳು. ಹಲ್ಲಿನ ಕಥೆ, ಸಿಳ್ಳೆಯ ಕಥೆ, ಎಲ್ಲ ಹೇಳಿದಳು. ಮೇಷ್ಟ್ರು ಕೇಳುತ್ತ ಕೇಳುತ್ತ ಹಣೆ ಚಚ್ಚಿಕೊಂಡರು.

“ಅಲ್ಲಾ ಕಣಮ್ಮ, ತೆಗೆದೆ ಅಂದ್ರೆ ಬಿಸಾಕಿದೆ ಅಂತಾನಾ? ಅಕ್ಕಿ ಆರಿಸಿದ ಮೇಲೆ, ಕಲ್ಲಿನ ಜೊತೆ ಎಲ್ಲಿ ಅಕ್ಕಿನೂ ಹೋಯ್ತೋ ಅಂತ ಒಂದ್ಸಲ ನೋಡಲ್ವಾ? ನಾನೂ ಹಾಗೇ. ತೆಗೆದದ್ದನ್ನೆಲ್ಲ ಬೇರೆ ಇಟ್ಟಿರ್ತೀನಿ. ಪೂರ್ತಿ ಟೇಪಿಂದೂ ಇದೆ, ಬರೀ ಮನೆ ಸದ್ದೂ ಇದೆ. ಇಷ್ಟು ವರ್ಷದಲ್ಲಿ ಒಬ್ಬರೂ ನನ್ನ ಹತ್ರ ಕಲ್ಲು ಕೇಳಿರಲಿಲ್ಲ.”

ಅದರಲ್ಲಿ ಕಥೆಯ ಚೂರು ಉಳಿದಿದೆಯಾ ಅಂತ ಮಾತ್ರ ನೋಡಿದ್ದಾಗಿಯೂ, ಮನೆಯೊಳಗಿನ ಮಾತಿಗೆ ಕಿವಿ ಕೊಡುವುದು ಸರಿಯಲ್ಲ ಅಂತ ಬಿಟ್ಟಿದ್ದಾಗಿಯೂ ಹೇಳಿದರು. ಮರುವಾರ ಇಬ್ಬರಿಗೂ ಒಂದೊಂದು ಪೆನ್‌ಡ್ರೈವ್ ಬಂತು.

ಭಾನುವಾರ ಮಧ್ಯಾಹ್ನ ಹಲ್ಲಕ್ಕ ತನ್ನ ಕೋಣೆಯ ಬಾಗಿಲು ಹಾಕಿಕೊಂಡಳು. ಹಲ್ಲು ಹೊಳಪು ಮಾಡುವ ಮೋಟಾರಿನ ಪ್ಲಗ್ಗು ಕಿತ್ತಳು. ಮೇಜಿನ ಮೇಲಿನ ಪ್ಲಾಸ್ಟರ್ ಪುಡಿ ಒರೆಸಿ ಮನೆಯ ಹಳೆಯ ಲ್ಯಾಪ್‌ಟಾಪ್ ಇಟ್ಟು, ಇಯರ್‌ಫೋನು ಸಿಕ್ಕಿಸಿಕೊಂಡಳು. ಪೂರ್ತಿ ಟೇಪನ್ನು ಹಾಕಲಿಲ್ಲ. ಬರೀ ಮನೆ ಸದ್ದನ್ನೇ ಹಾಕಿದಳು.

ಮೊದಲು ಕುರ್ಚಿ ಎಳೆದ ಸದ್ದು. ಹೊರಗೆಲ್ಲೋ ಅಪ್ಪ ಕೆಮ್ಮಿದ, ಜಾಗರೂಕತೆಯಿಂದ. ಅಪ್ಪಾ ಅಂದುಕೊಂಡಳು, ನಕ್ಕಳು. ಆಮೇಲೆ ಟಕಟಕ ಶುರುವಾಯಿತು. ಮಿಷನ್ನು. ಟೇಪಿನಲ್ಲಿ ಕಥೆಯ ಗದ್ದಲದ ಕೆಳಗೆ ಅದು ಕೇಳಿಸಿಯೂ ಕೇಳಿಸದ ಹಾಗಿತ್ತು. ಈಗ ಅದೊಂದೇ ಇತ್ತು. ಅಮ್ಮನ ಕಾಲಿನ ಲಯ. ಟಕಟಕಟಕ, ನಿಲುಗಡೆ. ಬಟ್ಟೆ ತಿರುಗಿಸುತ್ತಿರಬೇಕು. ಮತ್ತೆ ಟಕಟಕಟಕ. ಮತ್ತೆ ನಿಲುಗಡೆ, ಈ ಸಲ ಉದ್ದ.

ಇಷ್ಟುದ್ದ ಯಾಕೆ ನಿಲ್ಲಿಸಿದಳು? ಹಲ್ಲಕ್ಕ ಅಭ್ಯಾಸದಂತೆ ಮನಸ್ಸಿನಲ್ಲೇ ಕಥೆ ಓಡಿಸುತ್ತಿದ್ದಳು, ಅವಳಿಗೆ ಅದು ಅಕ್ಷರ ಅಕ್ಷರವೂ ಬಾಯಿಪಾಠ. ಈಗ ಕ್ಯಾಪ್ಟನ್ನು ಗುಹೆಯೊಳಗೆ ಕಾಲಿಡುತ್ತಾನೆ. ಮಿಷನ್ನು ನಿಂತಿದೆ. ಕ್ಯಾಪ್ಟನ್ನು ಹೊರಬಂದ. ಟಕಟಕಟಕ. ಯಂತ್ರಮಾನವ ಮೆಟ್ಟಿಲಲ್ಲಿ ಎಡವುತ್ತಾನೆ. ಮಿಷನ್ನಿನ ನಡುವೆ ‘ಹ್ಹ’ ಅಂತ ಒಂದು ತುಂಡು ನಗು. ಪೈಲಟ್ ಹುಡುಗಿಗೆ ಜ್ವರ ಬಂದಿದೆ ಅಂತ ಗೊತ್ತಾಗುವ ಜಾಗ. ಮಿಷನ್ನು ಇಲ್ಲ. ತುಂಬ ಹೊತ್ತು ಇಲ್ಲ. ಹಲ್ಲಕ್ಕ ಎರಡೂ ಕೈಯಿಂದ ಮೇಜು ಹಿಡಿದುಕೊಂಡಳು.

ಅಮ್ಮ ಎಲ್ಲ ನೋಡುತ್ತಿದ್ದಳು. ಪರದೆಯ ಸಂದಿನಿಂದ, ಸೂಜಿಯ ಕೆಳಗೆ ಬಟ್ಟೆ ಬಿಟ್ಟು, ಮಗಳಿಗೆ ಗೊತ್ತಾಗದ ಹಾಗೆ, ಒಂದು ದೃಶ್ಯವನ್ನೂ ಬಿಡದೆ.

ಜ್ವರದ ದೃಶ್ಯದಿಂದ ಮುಂದೆ ಮಿಷನ್ನು ಮತ್ತೆ ಓಡಲೇ ಇಲ್ಲ. ಮಿಷನ್ನಿನ ಮುಂದಿನ ಸ್ಟೂಲು ಜರುಗಿತು. ಬರಿಗಾಲ ಸಪ್ಪಳ, ಹತ್ತಿರ ಹತ್ತಿರ. ಪರದೆಯ ಉಂಗುರ ಕಿಣಿಗುಟ್ಟಿತು. ಹಲ್ಲಕ್ಕನಿಗೆ ಗೊತ್ತಿತ್ತು ಏನು ಬರುತ್ತೆ ಅಂತ, ಆದರೂ ಇಯರ್‌ಫೋನನ್ನು ಕಿವಿಗೆ ಒತ್ತಿ ಹಿಡಿದಳು.

“ತೆಗೀಬೇಡ ಕಣೇ! ಬಾಗಿಲು ತೆಗೀಬೇಡ!”

ಸಿಳ್ಳೆ ಇಲ್ಲ. ತುಂಬು ದನಿ, ಸ್ವಲ್ಪ ಒಡಕು, ಮೂಗಿನಲ್ಲಿ ಚೂರು. ಇದೇ. ಇದೇ ದನಿ ತನ್ನನ್ನು ಎಬ್ಬಿಸುತ್ತಿದ್ದದ್ದು, ತಲೆ ಬಾಚುವಾಗ ಅಲ್ಲಾಡಬೇಡ ಅನ್ನುತ್ತಿದ್ದದ್ದು. ಹಲ್ಲಕ್ಕ ಬಿಕ್ಕಿಬಿಕ್ಕಿ ಅತ್ತಳು, ಸದ್ದು ಮಾಡದೆ, ಮುಂದಿನದು ಎಲ್ಲಿ ತಪ್ಪಿಹೋಗುತ್ತೋ ಅಂತ ಬಾಯಿಗೆ ಸೆರಗು ಒತ್ತಿಕೊಂಡು. ಅವಳದೇ ಪುಟ್ಟ ಗಂಟಲು ‘ಶ್, ಅಮ್ಮಾ, ರೆಕಾರ್ಡಾಗ್ತಿದೆ’ ಅಂದಿತು.

ಅಷ್ಟಕ್ಕೆ ಮುಗಿಯಿತು ಅಂತ ಅವಳು ತಿಳಿದಿದ್ದಳು. ಆಮೇಲಿನದು ಕೊನೆಯ ಸಂಗೀತ, ಡೋಲು ಕಹಳೆ ಎಲ್ಲ ಸೇರಿದ ಭಾರೀ ಸಂಗೀತ. ಅದರ ಕೆಳಗೆ ಏನಿದ್ದರೂ ಮುಚ್ಚಿಹೋಗುತ್ತಿತ್ತು. ಆ ದಿನ ಅವಳ ಕಿವಿಯೂ ಪೂರ್ತಿ ಟಿವಿಯೊಳಗೇ ಇತ್ತು. ಈಗ ಸಂಗೀತವಿಲ್ಲ. ಖಾಲಿ ಕೋಣೆಯ ಗಾಳಿ. ಆ ಗಾಳಿಯಲ್ಲಿ ಅಮ್ಮ ಮೆಲುದನಿಯಲ್ಲಿ ಮಾತಾಡಿದಳು.

“ಇವಳ ಅಮ್ಮಂಗೆ ಯಾರು ಹೇಳ್ತಾರೆ ಈಗ?”

ಯಾರ ಅಮ್ಮನಿಗೆ ಅಂತ ಅಪ್ಪನ ದನಿ.

“ಆ ಹುಡುಗಿ ಅಮ್ಮಂಗೆ. ಪಾಪ, ಆಯಮ್ಮ ಅಡುಗೆ ಮಾಡಿಟ್ಟು ಕಾಯ್ತಾ ಇರ್ತಾಳೆ. ಮಗಳು ಬರಲ್ಲ ಅಂತ ಯಾರಾದ್ರೂ ಹೋಗಿ ಹೇಳ್ಬೇಕಲ್ಲ.” ಮೂಗೆಳೆದುಕೊಂಡ ಸದ್ದು. ಒಂದು ಉಸಿರು. “ನಾನಾಗಿದ್ದಿದ್ರೆ...”

ಕಟಕ್.

ಹಲ್ಲಕ್ಕ ಕಾದಳು. ಏನೂ ಇಲ್ಲ. ರೆಕಾರ್ಡಿಂಗೇ ಮುಗಿದಿತ್ತು. ಕಟಕ್ ಅಂದದ್ದು ಏನು ಅಂತ ಅವಳಿಗೆ ತಿಳಿಯಲು ಒಂದು ಕ್ಷಣ ಬೇಕಾಯಿತು. ಸಂಗೀತ ಮುಗಿದ ಕೂಡಲೇ, ಟೇಪು ದಂಡವಾಗದಿರಲಿ ಅಂತ, ರೆಕಾರ್ಡರಿನ ಗುಂಡಿ ಒತ್ತಿದ್ದು. ಒತ್ತಿದ್ದು ಅವಳದೇ ಬೆರಳು.

ನಾನಾಗಿದ್ದಿದ್ದರೆ ಏನು? ನಾನಾಗಿದ್ದಿದ್ದರೆ ಹುಡುಕಿಕೊಂಡು ಹೋಗುತ್ತಿದ್ದೆ ಅಂತಲೋ, ಕಾಯುತ್ತಲೇ ಇರುತ್ತಿದ್ದೆ ಅಂತಲೋ, ಬಕೆಟ್ಟಿನಣ್ಣನ ಕಿವಿ ಹಿಂಡಿ ನೌಕೆ ತಿರುಗಿಸುತ್ತಿದ್ದೆ ಅಂತಲೋ. ಅಮ್ಮನಾಗಿ ಏನನ್ನಾದರೂ ಹೇಳಿರಬಹುದು. ಅಪ್ಪನೂ ಇಲ್ಲ ಈಗ, ಕೇಳೋಣ ಅಂದರೆ.

ಹೊರಗೆ ಗಂಡ ಬಂದು ಕದ ತಟ್ಟಿದ, ಊಟಕ್ಕೆ ಬಾ ಅಂದ. ಅವಳು ಅಲ್ಲಿಂದಲೇ ಒಂದು ನಿಮಿಷ ಅಂದಳು. ಮತ್ತೆ ಹಿಂದಕ್ಕೆ ಸರಿಸಿ ಹಾಕಿದಳು. ಬರಿಗಾಲು, ಪರದೆ, ಕೂಗು. ‘ಶ್, ಅಮ್ಮಾ.’ ಗಾಳಿ. ಇವಳ ಅಮ್ಮಂಗೆ ಯಾರು ಹೇಳ್ತಾರೆ ಈಗ. ಮೂಗೆಳೆದ ಸದ್ದು. ಹಲ್ಲಕ್ಕ ಕುರ್ಚಿಯ ತುದಿಗೆ ಬಂದಿದ್ದಳು. ಸ್ಟೂಲಿನ ಮುಂದೆ ಎರಡು ಜಡೆಯ ಹುಡುಗಿಯೊಬ್ಬಳು ಗುಂಡಿಯ ಮೇಲೆ ಬೆರಳಿಟ್ಟು ಕೂತಿರುವುದು ಅವಳಿಗೆ ಎದುರಿಗೇ ಕಂಡಿತು.

“ಒತ್ತಬೇಡ ಕಣೇ!” ಅಂತ ಕೂಗಿದಳು. “ಒತ್ತಬೇಡ!”

ಹಲಗೆಯ ಮೇಲಿನ ದವಡೆಗಳೆಲ್ಲ ಬಾಯಿ ತೆರೆದುಕೊಂಡು ಕೇಳುತ್ತಿದ್ದವು. ಹುಡುಗಿ ಕೇಳಲಿಲ್ಲ, ಒತ್ತಿದಳು.